ಹನ್ನೆರಡು ನಿಮಿಷ ತಡವಾಗಿ ಅರಳಿದ ಮಲ್ಲಿಗೆ

ಮದುವೆ ಕಾಗದದ ಮಾದರಿ ನೋಡಲು ಬಂದ ಹೆಂಗಸೊಬ್ಬರು ನಿನ್ನೆ ಬೆಳಿಗ್ಗೆ ನನ್ನ ಮೇಜಿನ ಮೇಲೆ ಒಂದು ಚೆಂಡು ಮಲ್ಲಿಗೆ ಇಟ್ಟು ಹೋದರು. ಬಾಳೆನಾರಿನಲ್ಲಿ ಕಟ್ಟಿ, ಬಾಳೆಲೆಯಲ್ಲಿ ಸುತ್ತಿದ್ದು. ಕಾಪುವಿನ ಈ ಸಣ್ಣ ಅಂಗಡಿಯಲ್ಲಿ ದಿನವಿಡೀ ಪ್ರಿಂಟರಿನ ಶಾಯಿಯ ವಾಸನೆಯೇ. ಕೆಲಸದ ಗಡಿಬಿಡಿಯಲ್ಲಿ ಹೂವನ್ನು ಮರೆತೇಬಿಟ್ಟಿದ್ದೆ. ಸಂಜೆ ಐದೂವರೆಯ ಹೊತ್ತಿಗೆ ಎಲೆಯೊಳಗಿನ ಮೊಗ್ಗುಗಳು ಬಿರಿದು, ಶಾಯಿಯ ವಾಸನೆಯನ್ನು ಆಚೆ ತಳ್ಳಿ ಪರಿಮಳ ಎದ್ದಿತು ನೋಡಿ... ನನಗೆ ಸರ್ ನೆನಪಾದರು. ಮಲ್ಲಿಗೆಯ ವಾಸನೆಗೆ ಬೇರೆಯವರಿಗೆ ಮದುವೆಯೋ ಮುಡಿಯೋ ನೆನಪಾಗುತ್ತದೆ. ನನಗೆ ಮಾತ್ರ ಕಂಪ್ಯೂಟರ್ ಕಲಿಸಿದವರು ನೆನಪಾಗುತ್ತಾರೆ, ಏನು ಮಾಡಲಿ!

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಉಡುಪಿಯಲ್ಲಿ ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ಒಂದು ಕಂಪ್ಯೂಟರ್ ತರಬೇತಿ ಕೇಂದ್ರ. ಚಪ್ಪಲಿ ಹೊರಗೆ ಬಿಟ್ಟು, ದೇವರ ಕೋಣೆಗೆ ಹೋಗುವವರ ಹಾಗೆ ಒಳಗೆ ಹೋಗಬೇಕಿತ್ತು. ಹಗಲೆಲ್ಲ ಲೆಕ್ಕಪತ್ರ, ಟೈಪಿಂಗ್. ಸಂಜೆ ಮಾತ್ರ ಸರ್ ಅವರ ವೆಬ್ ಪುಟದ ಕ್ಲಾಸು. ಶಂಕರಪುರದಿಂದ ಬಸ್ಸು ಹಿಡಿದು ಹೋಗುತ್ತಿದ್ದ ನಾನು, ಹೂಡೆಯಿಂದ ಬರುತ್ತಿದ್ದ ದೋಣಿಯವರ ಮನೆಯ ಹುಡುಗಿ, ಇನ್ನೂ ಐದಾರು ಮಂದಿ.

ಸರ್ ನಮ್ಮ ಊರಿನವರಲ್ಲ. ಅವರ ಅಪ್ಪ ಬಾಗಲಕೋಟೆಯ ಕಡೆಯಿಂದ ಗಾರೆ ಕೆಲಸಕ್ಕೆಂದು ಮಣಿಪಾಲಕ್ಕೆ ಬಂದವರು. ಕಟ್ಟುತ್ತಿದ್ದ ಕಟ್ಟಡಗಳ ಪಕ್ಕದ ಶೆಡ್ಡುಗಳಲ್ಲಿ ಬೆಳೆದ ಸರ್, ಸೈಬರ್ ಕೆಫೆಯಲ್ಲಿ ಕೂತು ಊರವರ ವೆಬ್ ಪುಟಗಳ ಹಿಂಬದಿಯ ಕೋಡ್ ತೆರೆದು ನೋಡಿ ನೋಡಿಯೇ ವಿದ್ಯೆ ಕಲಿತಿದ್ದರು. "ನಮ್ಮಪ್ಪ ಗ್ವಾಡಿ ಕಟ್ಟಿದ್ರ ನಾ ಪುಟ ಕಟ್ಟತೀನಿ, ಅಷ್ಟ ಫರಕ" ಎಂದು ನಗುತ್ತಿದ್ದರು. ನಾವು ಅವರ ಮಾತನ್ನು ಅಣಕಿಸುತ್ತಿದ್ದೆವು. ಅವರು ನಮ್ಮ 'ಉಂಟಾ', 'ಎಂತ'ಗಳನ್ನು ನಮಗಿಂತ ಚೆನ್ನಾಗಿ ಅಣಕಿಸುತ್ತಿದ್ದರು.

ಅವರ ಕಲಿಸುವ ಕ್ರಮವೇ ಬೇರೆ. ಪುಸ್ತಕದ ಪಾಠ ಅರ್ಧ ಗಂಟೆ, ಆಮೇಲೆ ವಾರಕ್ಕೊಂದು ಆಟಿಕೆ ಮಾಡಬೇಕು. ಮೌಸ್ ಮುಟ್ಟಿದರೆ ಪರದೆಯಲ್ಲಿ ಏನಾದರೂ ಆಗಲೇಬೇಕು. ಏನು ಮಾಡುವುದು ಎಂದು ಕೇಳಿದರೆ ಒಂದೇ ಉತ್ತರ: "ಮನ್ಯಾಗ ನಿಮ್ಮ ಕೈ ಏನ್ ಕೆಲಸ ಮಾಡ್ತದ, ಅದನ್ನ ಪರದೆ ಕಡಿಂದ ಮಾಡಸ್ರಿ." ಹೂಡೆಯ ಹುಡುಗಿ ಮೀನು ಮಾಡಿದಳು. ಮೌಸ್ ಹತ್ತಿರ ಹೋದರೆ ಮೀನು ಓಡುತ್ತಿತ್ತು. ಎಷ್ಟು ಚುರುಕೆಂದರೆ ಸ್ವತಃ ಅವಳಿಗೇ ಒಂದನ್ನೂ ಹಿಡಿಯಲಾಗಲಿಲ್ಲ.

ನನ್ನ ಕೈಗೆ ಮನೆಯಲ್ಲಿ ಇದ್ದದ್ದು ಒಂದೇ ಕೆಲಸ, ಮಲ್ಲಿಗೆ ಕಟ್ಟುವುದು. ನಸುಕಿನಲ್ಲಿ ಮೊಗ್ಗು ಕೊಯ್ದು, ಹನ್ನೊಂದರೊಳಗೆ ಕಟ್ಟಿ, ಹೂವಿನ ವ್ಯಾಪಾರ ನಡೆಯುವ ಕಟ್ಟೆಗೆ ಮುಟ್ಟಿಸಬೇಕು. ಹಾಗಾಗಿ ಪರದೆಯ ಮೇಲೂ ಹೂ ಕಟ್ಟಲು ಹೊರಟೆ. ಮೊದಲ ದಿನ ಎಲ್ಲಿ ನಿಲ್ಲಿಸಬೇಕೆಂದು ಬರೆಯಲು ಮರೆತು, ಮೊಗ್ಗಿನ ಮೇಲೆ ಮೊಗ್ಗು ಬಂದು ಕಂಪ್ಯೂಟರೇ ಸ್ತಬ್ಧವಾಯಿತು. ಸರ್ ಬೈಯಲಿಲ್ಲ. "ಪಾಪ, ಸಾಕು ಅಂತ ನೀವ್ ಹೇಳೇ ಇಲ್ಲಲ್ರಿ ಅದಕ್ಕ" ಎಂದರು. ಅಷ್ಟು ಚಿಕ್ಕವಳಾದ ನನಗೂ ಬಹುವಚನ!

ಎರಡು ವಾರದಲ್ಲಿ ಒತ್ತಿದಲ್ಲೆಲ್ಲ ಮೊಗ್ಗು ಮೂಡಿ, ಸಾಲಾಗಿ ಕಟ್ಟಿಕೊಂಡು, ತಕ್ಷಣ ಅರಳುವ ಹಾಗಾಯಿತು. ಮನೆಯಲ್ಲಿ ಹೂ ಕಟ್ಟುತ್ತಾ ಅಮ್ಮನ ಮುಂದೆ ಜಂಬ ಕೊಚ್ಚಿದೆ. ಅಮ್ಮ ಕೈ ನಿಲ್ಲಿಸದೆಯೇ ತುಳುವಿನಲ್ಲಿ ಕೇಳಿದರು, ಅರಳಿದ ಹೂವನ್ನು ಯಾರಾದರೂ ಕಟ್ಟುವುದುಂಟಾ, ನಿನ್ನ ಸರ್‌ಗೆ ಗೊತ್ತಿಲ್ಲದಿದ್ದರೆ ನಿನಗೂ ಗೊತ್ತಿಲ್ವಾ ಎಂದು. ನನ್ನ ಮುಖ ಹುಳ್ಳಗಾಯಿತು. ಬೆಳಿಗ್ಗೆಯೇ ಅರಳಿದ ಮಲ್ಲಿಗೆಯನ್ನು ನಮ್ಮ ಕಟ್ಟೆಯಲ್ಲಿ ಯಾರೂ ಮೂಸಿಯೂ ನೋಡುವುದಿಲ್ಲ.

ಮರುದಿನ ಸರ್‌ಗೆ ಹೇಳಿದೆ. ಅವರು ಕುರ್ಚಿಯಿಂದ ಎದ್ದೇಬಿಟ್ಟರು. ಕಂಪ್ಯೂಟರಿನ ಒಳಗಿನ ಗಡಿಯಾರವನ್ನು ಪುಟವೇ ನೋಡಿಕೊಳ್ಳುವ ಹಾಗೆ ಬರೆಯುವುದನ್ನು ಅಂದೇ ಕಲಿಸಿದರು. ಇನ್ನು ಮುಂದೆ ಹಗಲೆಲ್ಲ ಬರೀ ಮೊಗ್ಗು, ಸಂಜೆ ಐದೂವರೆಗೆ ಅರಳಬೇಕು. ಅದನ್ನು ಬರೆದು ಮುಗಿಸಿದ ದಿನ ಬಸ್ಸಿನಲ್ಲಿ ಸೀಟು ಸಿಗದಿದ್ದರೂ ನನಗೆ ಗೊತ್ತಾಗಲಿಲ್ಲ, ಅಷ್ಟು ಖುಷಿ.

ಆ ಹೊತ್ತಿಗೇ ಕೇಂದ್ರದ ಯಜಮಾನರಿಗೆ ತಲೆ ಕೆಟ್ಟಿತ್ತು. ಮಕ್ಕಳು ಸಂಜೆ ಮೀನು ಓಡಿಸಿಕೊಂಡು ಕೂತಿರುತ್ತಾರೆ ಎಂದು ಯಾರೋ ದೂರಿದ್ದರಂತೆ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಮನೆಯವರನ್ನೆಲ್ಲ ಕರೆಸಿ ನೋಡುವುದು, ಒಪ್ಪಿಗೆಯಾಗದಿದ್ದರೆ ಆ ಕ್ಲಾಸು ಬಂದ್, ಸರ್ ಬೇರೆ ಕೆಲಸ ನೋಡಿಕೊಳ್ಳುವುದು ಎಂದು ತೀರ್ಮಾನವಾಯಿತು.

ಬೆಳಿಗ್ಗೆ ಹತ್ತು! ನನ್ನ ಹೂವಿಗೆ ಅದು ಹೊತ್ತಲ್ಲ ಎಂದು ನನಗಾಗಲಿ ಸರ್‌ಗಾಗಲಿ ಹೊಳೆಯಲೇ ಇಲ್ಲ. ಹುಟ್ಟಿದಂದಿನಿಂದ ಬೆಳಿಗ್ಗೆ ಮೊಗ್ಗು ನೋಡಿಯೇ ಬೆಳೆದವಳಿಗೆ ಮೊಗ್ಗಾಗಿಯೇ ಇರುವುದು ತಪ್ಪು ಎಂದು ಅನಿಸುವುದಾದರೂ ಹೇಗೆ?

ಅಮ್ಮ ಕೂಡ ಬಂದಿದ್ದರು. ಎಲೆಯಲ್ಲಿ ಸುತ್ತಿದ ಒಂದು ಚೆಂಡು ಹೂವನ್ನು ಸರ್ ಕೈಗಿತ್ತರು. ಎಲ್ಲಿಡಬೇಕೆಂದು ತಿಳಿಯದೆ ಅವರು ಅದನ್ನು ದೊಡ್ಡ ಮಾನಿಟರಿನ ತಲೆಯ ಮೇಲಿಟ್ಟರು. ಹೂಡೆಯವಳ ಮೀನಿಗೆ ಎಲ್ಲರೂ ನಕ್ಕರು. ನನ್ನ ಸರದಿ ಬಂತು. ಒತ್ತಿದೆ, ಮೊಗ್ಗು. ಒತ್ತಿದೆ, ಇನ್ನೊಂದು ಮೊಗ್ಗು.

"ಮುಂದೆ ಎಂತ?" ಎಂದರು ಯಜಮಾನರು.

"ಸಂಜೆ ಅರಳುತ್ತದೆ" ಎಂದೆ.

ಇಡೀ ಕೋಣೆ ಗೊಳ್ಳೆಂದು ನಕ್ಕಿತು. "ಅಷ್ಟು ಹೊತ್ತು ಕಾಯಬೇಕಾ ಮಾರಾಯ್ತಿ? ಕಂಪ್ಯೂಟರಿನ ಗಡಿಯಾರ ಮುಂದೆ ಮಾಡಿದರೆ ಆಗುವುದಿಲ್ವಾ?" ಎಂದರು ಯಜಮಾನರು.

"ಆಗ್ತದ್ರಿ" ಎಂದರು ಸರ್. "ಆದ್ರ ಮಾಡೂದಿಲ್ಲ."

ಎರಡು ಸಲ ಒತ್ತಿದರೆ ಮುಗಿಯುವ ಕೆಲಸ, ಮಾಡಿ ಸರ್ ಎಂದು ಪಿಸುಗುಟ್ಟಿದೆ. ಅವರು ನನ್ನ ಕಿವಿಯ ಬಳಿ ಬಗ್ಗಿ ಹೇಳಿದರು, "ನಿಮ್ಮ ಅವ್ವ ಕುಂತಾರ. ಅವರ ಮುಂದ ಮುಂಜಾನೆ ಮಲ್ಲಿಗಿ ಅರಳಸ್ಲ್ಯಾ?" ಆಮೇಲೆ ಎಲ್ಲರ ಕಡೆ ತಿರುಗಿ, "ಸಂಜಿ ಐದೂವರಿಗೆ ಬರ್ರಿ" ಎಂದರು.

"ಬರುತ್ತೇನೆ. ಅರಳದಿದ್ದರೆ ಕ್ಲಾಸಿಲ್ಲ, ಆಯ್ತಾ?" ಎಂದು ಯಜಮಾನರು ಎದ್ದು ಹೋದರು.

ಸಂಜೆ ಅರ್ಧ ಜನ ಮಾತ್ರ ಬಂದರು. ಅಮ್ಮ ರಥಬೀದಿ ಸುತ್ತಿ ಬಂದು ಮುಂದಿನ ಸಾಲಿನಲ್ಲಿ ಕೂತರು. ಗೋಡೆಯ ಗಡಿಯಾರದಲ್ಲಿ ಐದೂವರೆ ಆಯಿತು. ಪರದೆಯಲ್ಲಿ ಮೊಗ್ಗು. ಐದು ಮೂವತ್ತೈದು. ಮೊಗ್ಗು! ಆಗ ಪರದೆಯ ಮೂಲೆ ನೋಡಿದೆ. ಆ ಯಂತ್ರದ ಗಡಿಯಾರ ಹನ್ನೆರಡು ನಿಮಿಷ ಹಿಂದಿತ್ತು. ಸರ್‌ಗೂ ಕಂಡಿತ್ತು. ಆದರೂ ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೇ ಇದ್ದರು.

ಅಷ್ಟರಲ್ಲಿ ಘಮ್ಮೆಂದಿತು. ಮಾನಿಟರಿನ ಮೇಲೆ ಬೆಳಿಗ್ಗೆಯಿಂದ ಬೆಚ್ಚಗೆ ಕೂತಿದ್ದ ಅಮ್ಮನ ಚೆಂಡು ಎಲೆಯೊಳಗೇ ಅರಳಿತ್ತು. ಅಮ್ಮ ಎದ್ದು ಎಲೆ ಬಿಡಿಸಿ, ತಮ್ಮ ಎಚ್ಚರಿಕೆಯ ಕನ್ನಡದಲ್ಲಿ, "ನಮ್ಮದು ಅರಳಿ ಆಯ್ತು ಸರ್. ನಿಮ್ಮದು ಎಲ್ಲಿ?" ಎಂದರು. ಯಜಮಾನರಿಗೂ ನಗು ತಡೆಯಲಾಗಲಿಲ್ಲ. ಆ ನಗುವಿನ ನಡುವೆಯೇ ಪರದೆಯ ತುದಿಯಲ್ಲಿ ಒಂದು ಮೊಗ್ಗು ಬಿರಿಯಿತು, ಪಕ್ಕದ್ದು, ಅದರ ಪಕ್ಕದ್ದು... ಇಡೀ ಸಾಲು ಬೆಳ್ಳಗಾಯಿತು.

"ಆಯ್ತು ಮಾರಾಯ್ರೆ, ಕ್ಲಾಸು ಮಾಡಿ" ಎಂದರು ಯಜಮಾನರು. ಹೋಗುವಾಗ ಚೆಂಡಿನಿಂದ ಒಂದು ತುಂಡು ಹೂವನ್ನು ಮನೆಗೆಂದು ಕೇಳಿ ತೆಗೆದುಕೊಂಡರು.

ಆ ಕ್ಲಾಸು ಮತ್ತೆ ಮೂರು ವರ್ಷ ನಡೆಯಿತು. ಆಮೇಲೆ ತಮ್ಮ ಅಪ್ಪನಿಗೆ ಕೈಲಾಗದಾಯಿತೆಂದು, ಅವರನ್ನು ಕರೆದುಕೊಂಡು ಸರ್ ಊರಿಗೆ ಹೋದರು. ಒಂದೆರಡು ಸಲ ಫೋನು ಮಾಡಿದ್ದೆ. ಮತ್ತೆ ನಂಬರು ಬದಲಾಯಿತೋ, ನಾನೇ ಸೋಮಾರಿಯಾದೆನೋ... ಹೋದ ವರ್ಷ ಹೂಡೆಯ ಗೆಳತಿ ಸಿಕ್ಕವಳು, ಸರ್ ತೀರಿಕೊಂಡರಂತೆ ಎಂದಳು. ಏನಾಗಿತ್ತೆಂದು ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಅಂಗಡಿಯ ಬಾಗಿಲು ಎಳೆದುಕೊಂಡು ಅತ್ತೆ. ಒಂದು ಫೋನು ಮಾಡಲು ನನಗೆ ಪುರುಸೊತ್ತಾಗಿರಲಿಲ್ಲವಲ್ಲ.

ಆ ಪುಟ ಈಗಲೂ ನನ್ನ ಅಂಗಡಿಯ ಕಂಪ್ಯೂಟರಿನಲ್ಲಿದೆ. ಈಗಿನ ಯಂತ್ರಗಳ ಗಡಿಯಾರ ಒಂದು ಕ್ಷಣವೂ ಹಿಂದೆ ಬೀಳುವುದಿಲ್ಲ. ಆದ್ದರಿಂದ ನಾನೇ ಐದೂವರೆಗೆ ಹನ್ನೆರಡು ನಿಮಿಷ ಸೇರಿಸಿ ಬರೆದಿದ್ದೇನೆ. ನಿನ್ನೆಯೂ ಹಾಗೇ ಆಯಿತು. ಎಲೆಯಲ್ಲಿದ್ದದ್ದು ಅರಳಿಯಾಗಿತ್ತು, ಪರದೆಯಲ್ಲಿನ್ನೂ ಮೊಗ್ಗು. ಗಿರಾಕಿಯೊಬ್ಬರು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದರು. ಸ್ವಲ್ಪ ಕೂತಿರಿ ಎಂದೆ. ಮೌಸ್ ಬಿಟ್ಟು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಪರದೆಯ ಮುಂದೆ ನಿಂತುಕೊಂಡೆ.