ಗ್ರೋನೆಸ್ ಊರಿಗೆ ಗಾಜಿನ ಎಳೆ ಬಂದ ಬಗೆ

ಮೈ-ಬ್ರಿಟ್ ನಮ್ಮೂರ ಫೈಬರ್ ಸಂಘದ ಅಧ್ಯಕ್ಷೆಯಾದದ್ದು ಆಸೆಯಿಂದಲ್ಲ, ಸಭೆಯ ಮೌನ ತಡೆಯಲಾರದೆ. "ಯಾರು ಮುಂದೆ ನಿಂತು ಮಾಡ್ತೀರಿ?" ಎಂದು ಕೇಳಿದಾಗ ಗ್ರೋನೆಸ್‌ನ ಅಷ್ಟೂ ಜನ ಕಾಫಿ ಲೋಟದೊಳಗೆ ನೊಣ ಬಿದ್ದವರಂತೆ ತಲೆ ತಗ್ಗಿಸಿ ಕೂತರು. ಕೊನೆಗೆ ಅವಳು ಕೈ ಎತ್ತಿದಳು. ಎಲ್ಲರಿಗೂ ಹೋದ ಉಸಿರು ಬಂತು, ದಾಲ್ಚಿನ್ನಿ ಬನ್ನಿನ ತಟ್ಟೆ ಮತ್ತೆ ಓಡಾಡಿತು. ಬೆಕ್ಕಿಗೆ ಗಂಟೆ ಕಟ್ಟಲು ಒಬ್ಬಳು ಸಿಕ್ಕಿದ್ದಳು.

ಜೀವಮಾನವೆಲ್ಲ ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಬೇಯಿಸಿದ ಹೆಂಗಸು ಅವಳು. ಶಾಲೆ ಮುಚ್ಚಿತು, ಮೊಣಕಾಲು ಹೋಯಿತು. ಗಂಡ ಸ್ತೂರೆಯನ್ನು ಅದಕ್ಕೂ ಎಷ್ಟೋ ವರ್ಷ ಮುಂಚೆಯೇ ಬಿಟ್ಟು ಬಂದಿದ್ದಳು. ಬಿಟ್ಟು ಬಂದದ್ದೂ ದೂರಕ್ಕೇನಲ್ಲ. ಅದೇ ಊರಿನ ಇನ್ನೊಂದು ತುದಿಗೆ, ಅಣ್ಣ ಅಲ್ವಾರ್‌ನ ಮನೆಗೆ. ಅಲ್ವಾರ್‌ನ ಹೃದಯ ನೆಟ್ಟಗಿರಲಿಲ್ಲ. ಅವನ ಮಣಿಕಟ್ಟಿನ ಪಟ್ಟಿಯಲ್ಲೊಂದು ಕೆಂಪು ಗುಂಡಿ. ಒತ್ತಿದರೆ ಪಟ್ಟಣದ ಸಹಾಯ ಕೇಂದ್ರದಿಂದ ಯಾರೋ "ಅಲ್ವಾರ್, ಏನಾಯ್ತು?" ಎಂದು ಮೇಜಿನ ಮೇಲಿನ ಪೆಟ್ಟಿಗೆಯಲ್ಲಿ ಕೇಳಬೇಕು. ಊರವರಿಗೆ ಫೈಬರ್ ಬೇಕಿದ್ದದ್ದು ಸಿನಿಮಾಕ್ಕೆ, ಐಸ್ ಹಾಕಿ ಆಟಕ್ಕೆ, ದೂರದ ಮೊಮ್ಮಕ್ಕಳ ಮುಖ ನೋಡುವುದಕ್ಕೆ. ಮೈ-ಬ್ರಿಟ್‌ಗೆ ಬೇಕಿದ್ದದ್ದು ಒಂದೇ: ಆ ಗುಂಡಿ ಯಾವತ್ತು ಒತ್ತಿದರೂ ಆ ಕಡೆ ಕೇಳಿಸಬೇಕು.

ಹಿಂದೆ ಆ ಕೂಗು ತಾಮ್ರದ ಟೆಲಿಫೋನ್ ತಂತಿಯ ಮೇಲೆ ಹೋಗುತ್ತಿತ್ತು. ಹಳೆಯ ತಂತಿ, ಆದರೆ ನಂಬಿಗಸ್ತ. ಇಷ್ಟು ದೂರದ ಊರಿನ ತಂತಿಯನ್ನು ಇನ್ನು ನೋಡಿಕೊಳ್ಳಲಾಗದು ಎಂದು ಕಂಪನಿಯವರು ಕಂಬಗಳನ್ನೇ ಕಿತ್ತುಕೊಂಡು ಹೋದರು. ಬದಲಿಗೆ ಗುಡ್ಡದಾಚೆಯ ಮೊಬೈಲ್ ಗೋಪುರದಿಂದ ಗಾಳಿಯಲ್ಲಿ ಬರುವ ಸಂಪರ್ಕ ಕೊಟ್ಟರು. ಒದ್ದೆ ಹಿಮ ಜೋರಾಗಿ ಬಿದ್ದರೆ ಅದು ಮಲಗಿಬಿಡುತ್ತಿತ್ತು. ಅಗೆಯುವ ಯಂತ್ರದ ಮಾಲೀಕ ಯೋರಾನ್ ಉಪಗ್ರಹದ ಡಿಶ್ ಹಾಕಿಸಿದ. ಬಟ್ಟಲಿನಲ್ಲಿ ಹಿಮ ತುಂಬಿದಾಗಲೆಲ್ಲ ಏಣಿ ಹತ್ತಿ ಪೊರಕೆಯಲ್ಲಿ ಗುಡಿಸಬೇಕಿತ್ತು. ಮಾತು ಆಕಾಶಕ್ಕೆ ಹೋಗಿ ಇಳಿಯುವಷ್ಟರಲ್ಲಿ ತಡವಾಗಿ, ಅವನೂ ದೂರದಲ್ಲಿದ್ದ ಅವನ ಮಗಳೂ ಒಟ್ಟಿಗೆ ಮಾತಾಡಿ ಒಟ್ಟಿಗೆ ಸುಮ್ಮನಾಗುತ್ತಿದ್ದರು.

ಉಳಿದದ್ದು ಒಂದೇ ದಾರಿ. ದೇಶದ ದೊಡ್ಡ ಫೈಬರ್ ಜಾಲ ಹೆದ್ದಾರಿಯ ಪಕ್ಕದ ಹಸಿರು ಪೆಟ್ಟಿಗೆಯವರೆಗೆ ಬಂದು ನಿಂತಿತ್ತು. ಅಲ್ಲಿಂದ ಊರಿನವರೆಗೆ ನಾವೇ ಕಾಲುವೆ ತೋಡಿ, ಪೈಪು ಹೂತು, ಅದರೊಳಗೆ ಕೂದಲಿನಂಥ ಗಾಜಿನ ಎಳೆ ಹಾಯಿಸಿ ಜಾಲಕ್ಕೆ ಕೂಡಿಕೊಳ್ಳಬೇಕು. ಅಕ್ಕಪಕ್ಕದ ಊರುಗಳೂ ಹೀಗೇ ಮಾಡಿಕೊಂಡಿದ್ದವು.

ಊರಿಗೂ ಹೆದ್ದಾರಿಗೂ ನಡುವೆ ಇರುವುದು ಸ್ತೂರೆಯ ಹೊಲ. ಮೆತ್ತನೆಯ ಮಣ್ಣು, ಒಂದು ವಾರದ ಕೆಲಸ. ಆದರೆ ಯೋರಾನ್ ಬರೆದು ತಂದ ನಕ್ಷೆಯಲ್ಲಿ ಗೆರೆ ಆ ಹೊಲದ ಹತ್ತಿರ ಬಂದು ನಾಚಿಕೊಂಡು ಪಕ್ಕಕ್ಕೆ ತಿರುಗಿ, ಗುಡ್ಡ ಹತ್ತಿ, ಬಂಡೆಗಳ ಮೇಲೆ ಹೋಗಿ ಇಳಿದಿತ್ತು. ಕೊಂಕಣ ಸುತ್ತಿ ಮೈಲಾರಕ್ಕೆ ಬರುವುದೆಂದರೆ ಇದೇ. ಸಭೆಯಲ್ಲಿ ಯಾರೂ ಏಕೆಂದು ಕೇಳಲಿಲ್ಲ. ಅಧ್ಯಕ್ಷೆಯ ಎದುರಿಗೆ ಅವಳ ಹಳೆಯ ಗಂಡನ ಹೆಸರೆತ್ತುವುದು ಹೇಗೆ? ಸ್ತೂರೆಯ ಎದುರಿಗೆ ಅವಳ ಸಂಘದ ಹೆಸರೆತ್ತುವುದು ಹೇಗೆ? ಎಲ್ಕ್ ಎಂಬ ದೊಡ್ಡ ಕಾಡುಜಿಂಕೆಯ ಬೇಟೆಯ ವಾರದಲ್ಲಿ ಇದೇ ಗಂಡಸರು ಸ್ತೂರೆಯ ಜೊತೆ ಒಂದೇ ಬೆಂಕಿಯ ಸುತ್ತ ಕೂತು ಸಾಸೇಜು ಸುಟ್ಟು ತಿಂದರು. ಆಗಲೂ ಮಾತೆತ್ತಲಿಲ್ಲ. ನಮ್ಮೂರಿನ ಈ ಸಭ್ಯತೆ ನೆನೆದರೆ ನನಗೆ ಮೈ ಉರಿಯುತ್ತದೆ.

ಎರಡು ಬೇಸಿಗೆ ಬಂಡೆ ಸಿಡಿಸಿದ್ದಾಯಿತು. ಮೈ-ಬ್ರಿಟ್ ಮನೆಮನೆಗೆ ಹೋಗಿ ಜನ ಕೂಡಿಸಿದಳು, ಗುದ್ದಲಿ ಹಿಡಿದವರಿಗೆ ಕಾಫಿ ಹೊತ್ತಳು, "ಯಾವಾಗ ಬರುತ್ತೆ?" ಎಂಬ ಪ್ರಶ್ನೆಗೆ "ಬರುತ್ತೆ" ಎಂದಳು. ಪಕ್ಕದ ಮನೆಯವನಾದ ನನಗೆ ಅವಳು ಬೂಟು ಕಳಚುವಾಗ ಬಿಡುತ್ತಿದ್ದ ನಿಟ್ಟುಸಿರು ಬೇಲಿಯಾಚೆಗೂ ಕೇಳುತ್ತಿತ್ತು.

ಎರಡನೆಯ ಬೇಸಿಗೆ ಮುಗಿದು ಬಂದ ಫೆಬ್ರುವರಿಯಲ್ಲಿ, ಒದ್ದೆ ಹಿಮ ಸುರಿದ ಒಂದು ಸಂಜೆ, ಊರ ಭವನದಲ್ಲಿ ಬಂಡೆಯ ವಿಚಾರಕ್ಕೇ ಸಭೆ ಇತ್ತು. ಅವಳು ಹೋಗಿದ್ದಳು. ಮನೆಯಲ್ಲಿ ಅಲ್ವಾರ್ ಬಿದ್ದ. ಗುಂಡಿ ಒತ್ತಿದ, ಮತ್ತೆ ಮತ್ತೆ ಒತ್ತಿದ. ಗೋಪುರ ಮಲಗಿತ್ತು. ಅವಳು ಬಂದು ನೋಡುವಾಗ ಅವನು ಅಡುಗೆಮನೆಯ ನೆಲದ ಮೇಲಿದ್ದ, ಹೆಬ್ಬೆರಳು ಇನ್ನೂ ಗುಂಡಿಯ ಮೇಲಿತ್ತು. ಪಾರ್ಶ್ವವಾಯು. ಜೀವ ಉಳಿಯಿತು, ಮಾತು ಹೋಯಿತು. ಬೇಗ ತಂದಿದ್ದರೆ ಮಾತು ಉಳಿಯುತ್ತಿತ್ತೇನೋ ಎಂದರು ಡಾಕ್ಟರು.

ಮೇ ತಿಂಗಳಲ್ಲಿ ನೆಲದ ಹೆಪ್ಪು ಕರಗಿತು. ಯೋರಾನ್ ಬಂದು, "ಬಂಡೆ ಕೊರೆಯೋ ಯಂತ್ರ ಕೆಟ್ಟಿದೆ, ಈ ವರ್ಷವೂ ಆಗೋ ಹಾಗೆ ಕಾಣಲ್ಲ," ಎಂದ. ಅವಳು ರಬ್ಬರ್ ಬೂಟು ಹಾಕಿಕೊಂಡು ನೆಟ್ಟಗೆ ಸ್ತೂರೆಯ ಹೊಲಕ್ಕೆ ಹೋದಳು. ಅವನು ಕುರಿಯ ಬೇಲಿ ಬಿಗಿಯುತ್ತಿದ್ದ. ಆಮೇಲೆ ನಡೆದದ್ದನ್ನು ಅವಳೇ ನನಗೆ ಹೇಳಿದಳು.

"ಮೊಣಕಾಲು ಹೆಂಗಿದೆ?" ಎಂದ ಸ್ತೂರೆ.

"ಇದೆ. ಒಂದು ಮಾತು ಕೇಳೋಕೆ ಬಂದೆ. ನಿನ್ನ ಹೊಲದ ಅಂಚಲ್ಲಿ ಪೈಪು ಹಾಕೋಕೆ ಬಿಡ್ತೀಯಾ?"

"ಹಾಕಿ."

"ಹಾಕಿ ಅಂದ್ರೆ?"

"ಹಾಕಿ ಅಂದ್ರೆ ಹಾಕಿ. ಅಂಚ್ಯಾಕೆ, ನಡುವೇನೇ ಹೋಗಿ. ಅಲ್ಲಿ ಕಲ್ಲಿಲ್ಲ. ಬೇಲಿ ನಾನೇ ಸರಿಸಿಕೊಡ್ತೀನಿ."

"ಮತ್ತೆ ಆವತ್ತು ಯಾಕೆ ಆಗಲ್ಲ ಅಂದೆ?"

"ಯಾರಿಗೆ ಅಂದೆ?"

"ಯೋರಾನ್‌ಗೆ."

"ಯೋರಾನ್ ನನ್ನ ಹತ್ರ ಎಲ್ಕ್ ವಿಷಯ ಮಾತಾಡ್ತಾನೆ, ಟ್ರ್ಯಾಕ್ಟರ್ ವಿಷಯ ಮಾತಾಡ್ತಾನೆ. ಪೈಪಿನ ವಿಷಯ ಬಾಯಿ ಬಿಟ್ಟಿಲ್ಲ. ಭವನದ ಗೋಡೆ ಮೇಲೆ ನಕ್ಷೆ ನೋಡಿದೆ, ನನ್ನ ಹೊಲ ಬಿಟ್ಟು ಗುಡ್ಡ ಹತ್ತಿತ್ತು. ಅಧ್ಯಕ್ಷೆ ನೀನು. ಅವನ ಮಣ್ಣು ಮುಟ್ಟಬೇಡಿ ಅಂತ ನೀನೇ ಅಂದಿರ್ತೀಯ ಅಂದ್ಕೊಂಡೆ."

"ನೀನು ಬಿಡಲ್ಲ ಅಂದಿರ್ತೀಯ ಅಂತ ನಾನಂದ್ಕೊಂಡೆ."

"ಕೇಳಬಹುದಿತ್ತು."

"ನೀನೇ ಬಂದು ಹೇಳಬಹುದಿತ್ತು."

"ಕೇಳದೆ ಏನಂತ ಹೇಳ್ಲಿ? ಕೇಳಿದ್ರೆ ಮೊದಲ್ನೇ ಬೇಸಿಗೆಗೇ ಮುಗಿದು..." ಎಂದವನು ಅಷ್ಟಕ್ಕೇ ನಿಲ್ಲಿಸಿದ. ಇಬ್ಬರಿಗೂ ಅಲ್ವಾರ್ ನೆನಪಾದ. ಸ್ತೂರೆ ಸುತ್ತಿಗೆ ಕೆಳಗಿಟ್ಟ. ಅವಳು ಅಲ್ಲೇ ಬೇಲಿಯ ಗೂಟಗಳ ರಾಶಿಯ ಮೇಲೆ ಕೂತಳು. "ಅಳೋಣ ಅಂದ್ರೆ ಅದಕ್ಕೂ ತ್ರಾಣ ಇರ್ಲಿಲ್ಲ," ಎಂದಳು ನನಗೆ.

ಕಾಲುವೆ ಒಂದೇ ವಾರದಲ್ಲಿ ಹೊಲ ದಾಟಿತು. ಊರಿಗೂರೇ ಗುದ್ದಲಿ ಹಿಡಿದು ಬಂತು. ಬನ್ನು ತಿಂದರು, ಹವಾಮಾನದ ಮಾತಾಡಿದರು. ಗುಡ್ಡದ ಮೇಲೆ ಎರಡು ಬೇಸಿಗೆ ಹಾಳುಮಾಡಿದ್ದು ಯಾಕೆ ಎಂಬ ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ.

ಮನೆಗಳಿಗೆ ಎಳೆ ಕೂಡಿಸಿದ ದಿನ ಮೈ-ಬ್ರಿಟ್ ನನ್ನನ್ನೂ ಕರೆದಳು. ಸ್ತೂರೆ ಹೊರಗೆ ಪೈಪಿನ ಮೇಲೆ ಮಣ್ಣೆಳೆಯುತ್ತಿದ್ದ. ಗೋಡೆಯ ಪೆಟ್ಟಿಗೆಯಲ್ಲಿ ಹಸಿರು ದೀಪ ಹತ್ತಿತು. ಅವಳು ಅಲ್ವಾರ್‌ನ ಬೆರಳು ಹಿಡಿದು ಗುಂಡಿ ಒತ್ತಿಸಿದಳು. ಮೇಜಿನ ಮೇಲಿನ ಪೆಟ್ಟಿಗೆಯಿಂದ ಹುಡುಗಿಯೊಬ್ಬಳ ದನಿ, ಅದೇ ಕೋಣೆಯಲ್ಲಿ ಕೂತು ಮಾತಾಡಿದಷ್ಟು ಸ್ಪಷ್ಟವಾಗಿ ಬಂತು.

"ಹಲೋ ಅಲ್ವಾರ್, ಏನಾಯ್ತು?"

ಅಲ್ವಾರ್‌ನ ತುಟಿ ಅಲುಗಿತು. ದನಿ ಹೊರಡಲಿಲ್ಲ.

"ಅಲ್ವಾರ್, ಕೇಳಿಸ್ತಿದ್ಯಾ?"

"ಅವನಿಗೆ ಕೇಳಿಸುತ್ತೆ," ಎಂದಳು ಮೈ-ಬ್ರಿಟ್. "ಮಾತು ಬರಲ್ಲ. ನಾನು ಅವನ ತಂಗಿ. ಇದು ಸುಮ್ನೆ ಪರೀಕ್ಷೆಗೆ ಒತ್ತಿದ್ದು."

"ಓ, ಹೌದಾ. ಹಾಗಿದ್ರೆ ಇನ್ಮೇಲೆ ನಾವೇನೂ ಕೇಳ್ತಾ ಕೂರೋದಿಲ್ಲ. ಗುಂಡಿ ಒತ್ತಿದ ಕೂಡ್ಲೇ ನೇರ ಆಂಬುಲೆನ್ಸ್ ಕಳಿಸ್ತೀವಿ, ಸರಿನಾ?"

ಮೈ-ಬ್ರಿಟ್ ಅಣ್ಣನ ಮುಖ ನೋಡಿದಳು.

"ಆಂಬುಲೆನ್ಸ್ ಕಳಿಸಿ," ಎಂದಳು. "ಆದ್ರೆ ಒಂದ್ಸಲ ಕೇಳಿ. ಅವನು ಉತ್ತರ ಕೊಡದಿದ್ರೂ ಪರವಾಗಿಲ್ಲ. ಕೇಳಿ."