ಹೆನ್ನಿ ಅಕ್ಕನ ಚಳಿಗಾಲದ ಅಂಗಡಿ

ಹೆನ್ನಿ ಅಕ್ಕ ಹ್ಯಾಮಿಲ್ಟನ್ನಿನಲ್ಲಿ ನಮ್ಮ ಪಕ್ಕದ ಮನೆಯವಳು. ವಯಸ್ಸು ಎಂಬತ್ತರ ಮೇಲೆ. ಹಾಲೆಂಡಿನಲ್ಲಿ ಹುಟ್ಟಿ, ಚಿಕ್ಕವಳಿದ್ದಾಗ ತಂದೆತಾಯಿಯ ಸಂಗಡ ಹಡಗಿನಲ್ಲಿ ಇಲ್ಲಿಗೆ ಬಂದವಳು. ತಂದೆ ಬೇರೆಯವರ ಹಸು ಕರೆದ. ಅವಳೂ ಕರೆದಳು. ಪೀಟ್ ಎನ್ನುವವನನ್ನು ಮದುವೆಯಾಗಿ ಮತ್ತೆ ಹಸುಗಳನ್ನೇ ಕರೆದಳು. ಸಾಲೆಯಲ್ಲಿ ಹುಡುಗರು ತನ್ನ ಮಾತಿಗೆ ನಗುತ್ತಿದ್ದರೆಂದು ಈಗಲೂ ಸಿಟ್ಟಿನಿಂದ ಹೇಳುತ್ತಾಳೆ.

ಅವಳು ನನಗೆ ಸರಿಯಾಗಿ ಗೊತ್ತಾದದ್ದು ಪೀಟ್ ಸತ್ತಾಗ. ನಮ್ಮ ಯಜಮಾನರು ಹೋಗಿ ಆಗ ಒಂದು ವರ್ಷವಾಗಿತ್ತು. ಸತ್ತ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಹಸಿದಿರುತ್ತಾಳೆ ಎಂದು ಅನ್ನ ಸಾರು ಒಯ್ದೆ. ಹೋಗಿ ನೋಡಿದರೆ ಅವಳ ಓವನ್ ಬಿಸಿ ಇತ್ತು. ಮನೆ ತುಂಬ ಲವಂಗ, ದಾಲ್ಚಿನ್ನಿ, ಜಾಯಿಕಾಯಿ ವಾಸನೆ. ಮಣ್ಣಿಗೆ ಬರುವವರಿಗೆ ಕಾಫಿಯ ಜೊತೆ ಕೊಡಲು ಬಿಸ್ಕೀಟು ಬೇಯಿಸುತ್ತಿದ್ದಳು. ಸ್ಪೆಕ್ಯುಲಾಸ್ ಅನ್ನುತ್ತಾರೆ. ನಾನು ಪಾತ್ರೆ ಹಿಡಿದು ನಿಂತೆ. ಅವಳು ಚಮಚ ತಂದು ನಿಂತೇ ಉಂಡಳು. ಖಾರ ಅಂದಳು. ಬಿಡಲಿಲ್ಲ.

ನನ್ನ ಇಂಗ್ಲಿಷು ಅರೆಬರೆ. ಅವಳಿಗೆ ಅದು ಸಾಕಾಗುತ್ತಿತ್ತು. ಅವಳು ಹೇಳಿದ್ದನ್ನೂ ಇಲ್ಲಿ ನನ್ನ ಊರಾದ ಗದಗಿನ ಮಾತಿನಲ್ಲೇ ಬರೆಯುತ್ತೇನೆ. ಮಗ ಕಲ್ಲೇಶ್ ಹಾಲಿನ ಪುಡಿಯ ಕಾರ್ಖಾನೆಗೆ, ಸೊಸೆ ಶರಣ್ಯಾ ಆಸ್ಪತ್ರೆಗೆ ಹೋದರೆ ಹಗಲೆಲ್ಲ ನಾನೊಬ್ಬಳೇ. ಬೇಲಿಯ ಆ ಕಡೆ ಅವಳೊಬ್ಬಳೇ.

ಚಳಿಗಾಲದಲ್ಲಿ ಇಲ್ಲಿ ಶುಕ್ರವಾರ ಸಂಜೆ ಸಂತೆ ಕೂಡುತ್ತದೆ. ಗದಗಿನಲ್ಲಿ ಮಳೆ ಬರುವ ಜೂನ್, ಜುಲೈ ಇಲ್ಲಿ ಚಳಿಗಾಲ; ಆ ಎರಡು ತಿಂಗಳು, ಅಷ್ಟೆ. ಅಲ್ಲಿ ಹೆನ್ನಿ ಮತ್ತು ಪೀಟ್ ಅಂಗಡಿ ಹಾಕುತ್ತಿದ್ದರು. ಬಿಸ್ಕೀಟಿನ ಪೊಟ್ಟಣ, ಅದರ ಜೊತೆ ಬಿಸಿ ಬಿಸಿ ಪೊಫರ್ಚೆಸ್. ಅದು ಅವರ ಪಡ್ಡು. ಹಂಚು ನಮ್ಮದರ ಹಾಗೆಯೇ, ಕುಳಿ ಮಾತ್ರ ಅಷ್ಟು ಆಳವಿಲ್ಲ. ಉಬ್ಬಿದ ಹಿಟ್ಟು ಹೊಯ್ದು, ಮುಳ್ಳುಚಮಚದಿಂದ ತಿರುವಿ, ಮೇಲೆ ಬೆಣ್ಣೆ, ಸಕ್ಕರೆ ಪುಡಿ.

ಅವರ ಮಗಳು ಇನೆಕೆ, ಕಾರಿನಲ್ಲಿ ಆರು ತಾಸು ದೂರದ ಪೊರಿರುವಾದಲ್ಲಿರುತ್ತಾಳೆ. ತಂದೆ ಸತ್ತ ಮೇಲೆ ತಾಯಿಯನ್ನು ಕರೆದೊಯ್ಯಲು ಬಂದಳು. ಹೆನ್ನಿ ಒಪ್ಪಲಿಲ್ಲ. ಕೊನೆಗೆ ಇನೆಕೆ ಒಂದು ಮಾತು ಹೇಳಿ ಹೋದಳು. ಈ ಚಳಿಗಾಲ ಅಂಗಡಿ ನಡೆಸಿ ತೋರಿಸಿದರೆ ಈ ಮನೆಯಲ್ಲೇ ಇರು, ಆಗದಿದ್ದರೆ ನನ್ನ ಜೊತೆ ನಡೆ.

ಹೆನ್ನಿ ಬೇಲಿಯ ಹತ್ತಿರ ಬಂದಳು. ಒಬ್ಬರು ಹೊಯ್ಯಬೇಕು, ಒಬ್ಬರು ತಿರುವಬೇಕು, ಬಾ ಅಂದಳು. ಹೋದೆ.

ಮೊದಲ ಶುಕ್ರವಾರ ನಾನು ಪಡ್ಡು ಬೇಯಿಸಿದ ಹಾಗೆ ಬೇಯಿಸಿದೆ. ಮುಚ್ಚಳ ಮುಚ್ಚಿ, ಕೆಂಪಗೆ, ಗರಿಗರಿ. ಡಚ್ಚರ ಮುದುಕನೊಬ್ಬ ಒಂದನ್ನು ಕಚ್ಚಿ ದವಡೆ ಹಿಡಿದುಕೊಂಡ. ಹೆನ್ನಿ ನನ್ನ ಕೈಯಿಂದ ಮುಳ್ಳುಚಮಚ ಕಸಿದಳು.

“ಒಳಗ ಮೆತ್ತಗ ಇರ್ಬೇಕು. ಇವು ಗೋಲಿಗುಂಡು.”

“ಹಸೇ ಹಿಟ್ಟು ತಿಂದ್ರ ಹೊಟ್ಟಿ ನೋಯ್ತೈತಿ.”

“ಹುಟ್ಟಿದಾಗಿಂದ ತಿಂದೇನಿ. ಹೊಟ್ಟಿ ಇಲ್ಲೇ ಐತಿ ನೋಡು.”

ಹಿಟ್ಟಿನಲ್ಲಿ ತತ್ತಿ ಇತ್ತು. ನಾವು ಲಿಂಗಾಯತರು, ತಿನ್ನುವುದಿಲ್ಲ. ರುಚಿ ನೋಡಿ ಕಲಿಯುವ ಹಾಗಿರಲಿಲ್ಲ. ಅವಳು ಒಂದನ್ನು ನನ್ನ ಬೆರಳಿನಿಂದ ಒತ್ತಿಸಿ, ಇಷ್ಟು ಮೆತ್ತಗೆ ಎಂದು ತೋರಿಸಿದಳು. ಆಮೇಲೆ ಒತ್ತಿ ನೋಡಿಯೇ ತೆಗೆದೆ. ಇಡೀ ಚಳಿಗಾಲ ತಿರುವಿದೆ, ಒಂದೂ ಬಾಯಿಗೆ ಹಾಕಲಿಲ್ಲ.

ಗಿರಾಕಿ ಹೆಚ್ಚಾದಾಗ ಅವಳು ತಿರುಗಿ ನೋಡದೆ, ಪೀಟ್, ಬೆಣ್ಣೆ ಅನ್ನುತ್ತಿದ್ದಳು. ನಾನು ಬೆಣ್ಣೆ ಕೊಡುತ್ತಿದ್ದೆ. ತೆಗೆದುಕೊಳ್ಳುತ್ತಿದ್ದಳು.

ಮನೆಯಲ್ಲಿ ಬೇರೆ ಸಂಗತಿ ನಡೆಯಿತು. ಒಂದು ಮಧ್ಯಾಹ್ನ ಹೋದರೆ ಅಡುಗೆಮನೆಯಲ್ಲಿ ಗ್ಯಾಸಿನ ವಾಸನೆ. ಒಲೆಯ ಗುಂಡಿ ತಿರುಗಿಸಿತ್ತು, ಬೆಂಕಿ ಇರಲಿಲ್ಲ. ಅವಳು ಪಕ್ಕದ ಕೋಣೆಯಲ್ಲಿ ಮಲಗಿದ್ದಳು. ಗ್ಯಾಸು ಬಂದ್ ಮಾಡಿ, ಕಿಟಕಿ ತೆರೆದು, ಭುಜ ಹಿಡಿದು ಎಬ್ಬಿಸಿದೆ. ಮಗಳಿಗೆ ಹೇಳಬೇಡ ಅಂದಳು. ಹೇಳಲಿಲ್ಲ. ಜುಲೈಯಲ್ಲಿ ಮತ್ತೆ ಹಾಗೆಯೇ ಆಯಿತು.

ಕಡೆಯ ಶುಕ್ರವಾರ ಇನೆಕೆ ಬಂದಳು. ಅಂಗಡಿಯ ಮುಂದೆ ಜನ ಸಾಲಾಗಿ ನಿಂತಿದ್ದರು. ಬಿಸ್ಕೀಟು ಆಗಲೇ ಮುಗಿದಿತ್ತು. ಅವಳು ದೂರ ನಿಂತು ನೋಡಿದಳು. ತಾಯಿ ಪೀಟನನ್ನು ಕರೆದದ್ದು ಕೇಳಿತು. ನನ್ನನ್ನು ಕಾರಿನ ಹತ್ತಿರ ಕರೆದು, ಯಾವಾಗಲೂ ಹೀಗೆ ಕರೆಯುತ್ತಾಳಾ ಎಂದು ಕೇಳಿದಳು.

“ನಾನೂ ನಮ್ಮವ್ರನ್ನ ಕರೀತೇನಿ. ಅಷ್ಟಕ್ಕ ಯಾರನ್ನೂ ಒಯ್ಯಬ್ಯಾಡ.”

ಇನೆಕೆ ತಲೆಯಾಡಿಸಿದಳು. ಮನೆಯಲ್ಲಿ ಹೇಗಿದ್ದಾಳೆ ಎಂದು ಕೇಳಿದಳು. ನಾನು ಅಂಗಡಿಯ ಕಡೆ ನೋಡಿದೆ. ಹೆನ್ನಿ ಒಂದು ಕೈಯಲ್ಲಿ ಹೊಯ್ಯುತ್ತ ಇನ್ನೊಂದು ಕೈಯಲ್ಲಿ ತಿರುವುತ್ತಿದ್ದಳು. ಅವಳು ಗೆದ್ದಿದ್ದಳು. ನಾನು ಗ್ಯಾಸಿನ ವಿಷಯ ಹೇಳಿದೆ. ಎರಡು ಸಲದ್ದೂ ಹೇಳಿದೆ.

ಇನೆಕೆ ತಾಯಿಯನ್ನು ಕರೆದೊಯ್ಯುವುದೆಂದು ಗಟ್ಟಿ ಮಾಡಿದಳು. ಒಂದು ವಾರ ಹೆನ್ನಿ ನನ್ನ ಮುಖ ನೋಡಲಿಲ್ಲ. ಆಮೇಲೆ ತಾನೇ ಬೇಲಿಗೆ ಬಂದಳು.

“ಅಂಗಡಿ ನಡಿಸಿ ತೋರಿಸಿದ್ನಲ್ಲ. ಯಾಕ ಹೇಳಿದಿ?”

“ನೀ ಸತ್ರ ನಾ ಯಾರ ಜೋಡಿ ಜಗಳಾಡ್ಲಿ, ಅಕ್ಕಾ?”

“ನಾ ಪೊರಿರುವಾದಾಗ ಇದ್ರ ಆಡ್ತೀಯೇನು?”



ಆಗಸ್ಟಿನಲ್ಲಿ ಮಗಳ ಜೊತೆ ಹೋದಳು. ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ. ಒಳ್ಳೆಯವರು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ.

ಭಾನುವಾರ ಹೆನ್ನಿ ಫೋನು ಮಾಡುತ್ತಾಳೆ. ಎದುರಿಗಿದ್ದಾಗ ಕೈಯಲ್ಲಿ ತೋರಿಸಿ ಮಾತಾಡುತ್ತಿದ್ದೆವು. ಫೋನಿನಲ್ಲಿ ಅವಳ ಇಂಗ್ಲಿಷು ನನಗೆ ತಿಳಿಯುವುದಿಲ್ಲ, ನನ್ನದು ಅವಳಿಗೆ ತಿಳಿಯುವುದಿಲ್ಲ. ಏನು ಉಂಡೆ ಎಂದು ಕೇಳುವುದಷ್ಟೇ ತಿಳಿಯುತ್ತದೆ. ಹೇಳುತ್ತೇನೆ. ನಾನೂ ಕೇಳುತ್ತೇನೆ. ಮಾತು ಅಲ್ಲಿಗೆ ಮುಗಿಯುತ್ತದೆ. ಅವಳು ಫೋನು ಇಡುವುದಿಲ್ಲ, ನಾನೂ ಇಡುವುದಿಲ್ಲ. ಇನೆಕೆ ಬಂದು ಇಡುತ್ತಾಳೆ.