ನಾಲ್ಕು ತಾಸಿನ ಕುವೈತ್

“ಬೆಂಗಳೂರಿಗೆ ಬಸ್ಸಿನ್ಯಾಗ ಹತ್ತ ತಾಸು, ಮುಂಬೈಯಿಂದ ಕುವೈತಿಗೆ ಇಮಾನದಾಗ ನಾಕ ತಾಸು. ಯಾವುದು ಸಮೀಪ, ನೀನ ಹೇಳಕ್ಕಾ ಅಂದಿದ್ದ ಆ ಏಜೆಂಟ ಸುಭಾಸ. ನಮ್ಮವ್ವ ದಾರಿ ಅಳೀತಿದ್ದದ್ದು ಬುತ್ತಿ ಮ್ಯಾಲ. ಎಲ್ಲಮ್ಮನ ಗುಡ್ಡಕ್ಕ ಒಂದ ಹೊತ್ತಿನ ಬುತ್ತಿ, ಪಂಢರಪುರಕ್ಕ ಮೂರ ದಿನದ್ದು. ನಾಕ ತಾಸಂದ್ರ ಗುಡ್ಡದಷ್ಟ ದೂರ ಅಂತ ತಿಳಕೊಂಡು ಎರಡ ರೊಟ್ಟಿ, ಒಂದಿಷ್ಟ ಶೇಂಗಾ ಚಟ್ನಿ ಕಟ್ಟಿಕೊಟ್ಲು. ಮುಂಬೈದಾಗ ಒಂದ ಖೋಲ್ಯಾಗ ಒಂಬತ್ತ ಹೆಣ್ಮಕ್ಕಳನ್ನ ಹನ್ನೊಂದ ದಿನ ಕೂಡಿ ಹಾಕಿದ್ರು. ಇಮಾನ ಹತ್ತಿದ ಮ್ಯಾಲ ಖರೇನ ನಾಕ ತಾಸು. ಇಳದ ಕೂಡ್ಲೆ ನನ್ನ ಪಾಸಪೋರ್ಟ ಮಾಲಕನ ಕಪಾಟ ಸೇರ್ತು. ಮರುವರ್ಷ ಅವ್ವ ಸತ್ಲು. ಮಣ್ಣಿಗೆ ಕಳಸ್ರಿ ಅಂತ ಕಾಲ ಹಿಡದ್ನಿ. ಆ ಕಪಾಟಿನ ಬಾಗಲಾ ತಗ್ಯಾಕ ಇಪ್ಪತ್ತಾರ ದಿನ ಆತು.”

ಬೈಲಹೊಂಗಲದ ಅನ್ನಪೂರ್ಣಾ ಇದನ್ನು ಅತ್ತು ಹೇಳುವುದಿಲ್ಲ, ಹಲ್ಲು ಕಚ್ಚಿಕೊಂಡು ಹೇಳುತ್ತಾಳೆ. ಪರದೇಶದಲ್ಲಿ ಎರಡು ವರ್ಷ ಕಂಡವರ ಮನೆಯ ಒಲೆ ಕಾದು ಬಂದವಳು ಈಗ ಇಲ್ಲಿಯ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುತ್ತಾಳೆ. ಅವಳ ಕೈಯ ಸಪ್ಪಳ ಕೇಳಿದರೆ ಸಾಕು, ಸಿಟ್ಟು ಇನ್ನೂ ಇಳಿದಿಲ್ಲವೆಂದು ತಿಳಿಯುತ್ತದೆ.

ಮೊನ್ನೆ ಕೆಲಸ ಮುಗಿಸಿ ಬರುವಾಗ ಪಕ್ಕದ ಮನೆಯ ಕಟ್ಟೆಯ ಮೇಲೆ ಅದೇ ಸುಭಾಸ ಕುಳಿತು ಚಹಾ ಕುಡಿಯುತ್ತಿದ್ದ. ಎದುರಿಗೆ ಆ ಮನೆಯ ಸೊಸೆ ಮೀನಾ, ಬಾಗಿಲಲ್ಲಿ ಅವಳ ಅತ್ತೆ ಸೀತವ್ವ. ಮೀನಾಳ ಮಗಳಿಗೆ ಇನ್ನೂ ಮೂರು ತುಂಬಿಲ್ಲ. ಸುಭಾಸ ಫೋನಿನಲ್ಲಿ ನಕಾಶೆ ತೆಗೆದು, ಸಮುದ್ರದ ಮೇಲೆ ಎಳೆದ ಗೆರೆ ತೋರಿಸಿ, ಇಷ್ಟೇ ದೂರ, ನಾಲ್ಕೇ ತಾಸು ಎನ್ನುತ್ತಿದ್ದ. ಅನ್ನಪೂರ್ಣಕ್ಕನನ್ನು ಕಳಿಸಿದವನೂ ತಾನೇ, ಹೋದವಳು ಸುಖವಾಗಿ ತಿರುಗಿ ಬಂದಿಲ್ಲವೇ ಎಂದೂ ಸೇರಿಸಿದ. ಮೀನಾಳ ಪಾಸ್‌ಪೋರ್ಟ್ ಆಗಲೇ ಅವನ ತೊಡೆಯ ಮೇಲಿತ್ತು.

ತನ್ನ ಹೆಸರನ್ನೇ ಗಾಳಕ್ಕೆ ಸಿಕ್ಕಿಸಿದ್ದಾನೆ ಎಂದು ಕೇಳಿದ್ದೇ ಅನ್ನಪೂರ್ಣಾಳ ನೆತ್ತಿಗೆ ಬೆಂಕಿ ಹತ್ತಿತು. ಆದರೂ ದನಿ ಏರಿಸಲಿಲ್ಲ.

“ಸುಭಾಸಣ್ಣಾ, ಹೋಗೂದು ನಾಕ ತಾಸು, ಒಪ್ಪಿದ್ನಿ. ಬರೂದು ಎಷ್ಟ ತಾಸು? ಅದನ್ನೂ ಆ ಫೋನಿನ್ಯಾಗ ತೋರ್ಸು.”

ಸುಭಾಸ ನಕ್ಕ. ಬರುವ ದಾರಿಯೂ ಅಷ್ಟೇ ಎಂದ. ನಿನ್ನ ಮಾಲಕ ಒಬ್ಬ ಹಾಗಿದ್ದ, ಐದೂ ಬೆರಳು ಸಮ ಇರುತ್ತಾವೇನು ಎಂದ. ಸೀತವ್ವ ಹೌದೆಂದು ತಲೆಯಾಡಿಸಿದಳು. ಹೊರಗೆ ಹೋಗಿ ಬಂದವರಿಗೆ ಮತ್ತೊಬ್ಬರು ಹೋಗುವುದು ಸೇರುವುದಿಲ್ಲ ಎಂದು ಚುಚ್ಚಿಯೂ ಬಿಟ್ಟಳು.

“ನನ್ನ ಹೊಟ್ಟೀಕಿಚ್ಚು ಅಂತನ ತಿಳೀರಿ ಅತ್ತಿ,” ಎಂದಳು ಅನ್ನಪೂರ್ಣಾ. “ಮೀನಾ, ನೀ ಇಂವನ್ನ ಒಂದ ಕೇಳು. ಅಲ್ಲಿ ಪಾಸಪೋರ್ಟ ಯಾರ ಕಡೆ ಇರತೈತಿ?”

ಮೀನಾ ಕೇಳಿದಳು. ಸುಭಾಸ ಚಹಾದ ಕಪ್ಪು ಕೆಳಗಿಟ್ಟ. “ಮಾಲಕರ ಕಡೇನ ಇರತೈತ್ರಿ. ಎಲ್ಲಾರ್ದೂ ಹಂಗ. ಕಳದು ಗಿಳದು ಹೋದೀತಂತ.”

“ನನ್ನ ಮಗಳಿಗೆ ಜ್ವರ ಬಂದ್ರ ಅವರನ್ನ ಕೇಳಿ ಬರಬೇಕೇನ್ರಿ?”

ಅವನು, ನಾಳೆ ಜಾಗ ತುಂಬಿಹೋಗುತ್ತದೆ ಎಂದು ಅವಸರ ಮಾಡಿದ. ಮೀನಾ ಅತ್ತೆಯ ಮುಖ ನೋಡಲಿಲ್ಲ. ಬಾಗಿ, ಅವನ ತೊಡೆಯ ಮೇಲಿನ ಪಾಸ್‌ಪೋರ್ಟ್ ತೆಗೆದುಕೊಂಡು ಸೆರಗಿನಲ್ಲಿ ಸುತ್ತಿದಳು.

ಇನ್ನು ಮೇಲೆ ಕೆಲಸ ಕೇಳಿಕೊಂಡು ನನ್ನ ಬಾಗಿಲಿಗೆ ಬರಬೇಡಿ ಎಂದು ಗೊಣಗಿ ಸುಭಾಸ ಗಾಡಿಯ ಕಿಕ್ ಒದ್ದು, ಮುನವಳ್ಳಿಯ ದಾರಿ ಹಿಡಿದ. ಅಲ್ಲಿ ಯಾರ ಕಟ್ಟೆಯ ಮೇಲೆ ಕೂತು ಯಾರ ಹೆಸರು ಹೇಳುತ್ತಾನೋ ಎಂದು ಅನ್ನಪೂರ್ಣಾಳ ಮೈ ಉರಿಯಿತು. ಸೀತವ್ವ ಇಬ್ಬರಿಗೂ ಬೆನ್ನು ತಿರುಗಿಸಿ ಒಳಗೆ ಹೋದಳು.

ಅಷ್ಟರಲ್ಲಿ ಓಣಿಗೆ ನಳದ ನೀರು ಬಂತು. ಅನ್ನಪೂರ್ಣಾ ಹುಣಸೆಹಣ್ಣು ಹಚ್ಚಿ ಕೊಡ ತಿಕ್ಕಿದಳು, ತಳ ತೂತಾಗುವಷ್ಟು ಜೋರಾಗಿ. ಆಮೇಲೆ ತೊಳೆದು, ನಳದ ಕೆಳಗಿಟ್ಟು, ತುಂಬುವವರೆಗೆ ನಿಂತಳು.